ನಿಷೇಧಿತ ನುಡಿ: ರಾಬರ್ಟ್ ಮಂಗಲಿಸೊ ಸೊಬುಕ್ವೆ ಅವರ ಜೀವನ

ದಕ್ಷಿಣ ಆಫ್ರಿಕಾದ ವಿಮೋಚನೆಯ ಚರಿತ್ರೆಯೆಂದರೆ ಭಾರತದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ನೆನಪಾಗುವುದು ಎರಡು ಹೆಸರು. ಒಂದು ಗಾಂಧೀಜಿಯವರದು, ಇನ್ನೊಂದು ನೆಲ್ಸನ್ ಮಂಡೇಲಾ ಅವರದು. ಮಂಡೇಲಾರ ಸಮಕಾಲೀನರಾಗಿ, ಕೆಲವು ಕಾಲ ಅವರಿಗಿಂತಲೂ ಹೆಚ್ಚಿನ ಭೀತಿಯನ್ನು ಬಿಳಿಯರ ಸರಕಾರದಲ್ಲಿ ಹುಟ್ಟಿಸಿದ ಇನ್ನೊಬ್ಬರಿದ್ದರು. ಅವರು ರಾಬರ್ಟ್ ಮಂಗಲಿಸೊ ಸೊಬುಕ್ವೆ. ಅವರೊಬ್ಬರನ್ನು ಸೆರೆಯಲ್ಲಿಯೇ ಇರಿಸಿಕೊಳ್ಳುವುದಕ್ಕಾಗಿ ಅಲ್ಲಿಯ ಸಂಸತ್ತು ಒಂದು ಕಾನೂನನ್ನೇ ಮಾಡಿತು. ಆ ಕಲಮು ಅವರ ಹೊರತು ಮತ್ತಾರ ಮೇಲೂ ಪ್ರಯೋಗವಾಗಲಿಲ್ಲ. ವೃತ್ತಿಯಿಂದ ಅವರು ಸೇನಾನಿಯಲ್ಲ, ವಕೀಲರೂ ಅಲ್ಲ (ವಕೀಲರಾದದ್ದು ಬದುಕಿನ ಕೊನೆಯಲ್ಲಿ). ವಿಶ್ವವಿದ್ಯಾಲಯದಲ್ಲಿ ಭಾಷೆ ಕಲಿಸುತ್ತಿದ್ದವರು. ಭಾಷೆಯ ಅಧ್ಯಾಪಕನಿಗೆ ಒಂದು ಪ್ರಭುತ್ವ ಇಷ್ಟು ಅಂಜಿದ್ದೇಕೆ ಎಂಬುದನ್ನು ತಿಳಿಯಲು ಅವರ ಜೀವನವನ್ನು ಮೊದಲಿನಿಂದ ನೋಡಬೇಕು.

ಕೇಪ್ ಪ್ರಾಂತದ ಒಳನಾಡಿನಲ್ಲಿ ಕರೂ ಎಂಬ ಒಣ ಬಯಲುಸೀಮೆಯಿದೆ. ಅಲ್ಲಿಯ ಹಳೆಯ ಊರುಗಳಲ್ಲೊಂದಾದ ಗ್ರಾಫ್ ರೈನೆಟ್‌ನ ಕರಿಯರ ಕೇರಿಯಲ್ಲಿ 1924ರ ಡಿಸೆಂಬರ್ 5ರಂದು ಸೊಬುಕ್ವೆ ಜನಿಸಿದರು. ಮಂಗಲಿಸೊ ಎಂದರೆ ಖೋಸಾ ಭಾಷೆಯಲ್ಲಿ ಅಚ್ಚರಿ, ಅದ್ಭುತ. ತಂದೆ ಹ್ಯೂಬರ್ಟ್ ಪುರಸಭೆಯ ಕೂಲಿ, ಬಿಡುವಿನಲ್ಲಿ ಕಟ್ಟಿಗೆ ಕಡಿಯುವವರು. ತಾಯಿ ಆಂಜೆಲಿನಾ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡಿದವರು, ಊರಿನ ಆಸ್ಪತ್ರೆಯಲ್ಲಿ ಅಡುಗೆಯವರಾಗಿಯೂ ದುಡಿದವರು. ತಮಗೆ ದಕ್ಕದ ವಿದ್ಯೆ ಮಕ್ಕಳಿಗಾದರೂ ದಕ್ಕಲೆಂಬ ಹಟ ಇಬ್ಬರಿಗೂ ಇತ್ತು. ದುಡಿಯುವ ಕಡೆಯಿಂದ ತಂದ ಹಳೆಯ ಪುಸ್ತಕಗಳೇ ಮನೆಯ ಗ್ರಂಥಭಂಡಾರ. ಹಿರಿಯ ಮಗನೊಬ್ಬ, ಅರ್ನೆಸ್ಟ್, ಮುಂದೆ ಆಂಗ್ಲಿಕನ್ ಚರ್ಚಿನ ಬಿಷಪ್ ಆದರು.

ತಂದೆಯ ಮೂಲ ಇಂದಿನ ಲೆಸೊಥೊ, ಅಂದರೆ ಸೊಥೊ ನುಡಿಯ ನಾಡು. ತಾಯಿ ಪಾಂಡೊ ಕುಲದವರು. ಬಾಲಕ ಬೆಳೆದದ್ದು ಖೋಸಾದಲ್ಲಿ, ಊರಿನ ಬೀದಿಯಲ್ಲಿ ಆಳುವವರ ಆಫ್ರಿಕಾನ್ಸ್, ಶಾಲೆಯಲ್ಲಿ ಇಂಗ್ಲಿಷು. ಮನೆಯ ಭಾಷೆಯೊಂದು, ಪೇಟೆಯದೊಂದು, ಪುಸ್ತಕದ್ದು ಮತ್ತೊಂದು ಎಂಬ ಸ್ಥಿತಿಯನ್ನು ಗಡಿನಾಡಿನ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಅಲ್ಲಿ ಯಾವ ಭಾಷೆಯಲ್ಲಿ ಮಾತನಾಡಿದರೂ, ಎಷ್ಟು ಚೆನ್ನಾಗಿ ಮಾತನಾಡಿದರೂ, ಚರ್ಮದ ಬಣ್ಣವೇ ಮಾತಿನ ಬೆಲೆಯನ್ನು ನಿರ್ಧರಿಸುತ್ತಿತ್ತು.

1940ರಲ್ಲಿ ಅವರು ಹೀಲ್ಡ್‌ಟೌನ್ ಎಂಬ ಮೆಥೊಡಿಸ್ಟ್ ಮಿಶನ್ ಶಾಲೆಯ ವಸತಿಗೆ ಸೇರಿದರು. ಕೆಲವೇ ವರ್ಷಗಳ ಮೊದಲು ಮಂಡೇಲಾ ಓದಿದ್ದೂ ಇದೇ ಶಾಲೆಯಲ್ಲಿ. ಓದಿನ ನಡುವೆ ಕ್ಷಯರೋಗ ತಗುಲಿ ಬಹುಕಾಲ ಆಸ್ಪತ್ರೆಯಲ್ಲಿರಬೇಕಾಯಿತು. ಆ ಪುಪ್ಪುಸಗಳು ಮುಂದೆಯೂ ಅವರನ್ನು ಕಾಡಿದವು. ವಿದ್ಯಾರ್ಥಿಯ ಪ್ರತಿಭೆಯನ್ನು ಬಲ್ಲ ಬಿಳಿಯ ಮುಖ್ಯಾಧ್ಯಾಪಕರು ಹಣದ ನೆರವು ದೊರಕಿಸಿಕೊಟ್ಟು ಶಿಕ್ಷಣ ನಿಲ್ಲದಂತೆ ನೋಡಿಕೊಂಡರು. ಸೊಬುಕ್ವೆ ಬಿಳಿಯರ ದ್ವೇಷಿಯೆಂಬ ಆಪಾದನೆ ಮುಂದೆ ಬಂದಾಗ ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

1947ರಲ್ಲಿ ಅವರು ಆಲಿಸ್ ಊರಿನ ಫೋರ್ಟ್ ಹೇರ್ ಕಾಲೇಜನ್ನು ಸೇರಿದರು. ದಕ್ಷಿಣ ಆಫ್ರಿಕಾದ ಕರಿಯ ವಿದ್ಯಾವಂತರ ತಲೆಮಾರುಗಳನ್ನು ರೂಪಿಸಿದ ಸಂಸ್ಥೆಯದು. ಇಂಗ್ಲಿಷ್, ಖೋಸಾ ಮತ್ತು ದೇಶೀಯರ ಆಡಳಿತ ಅವರ ವಿಷಯಗಳು. ಕರಿಯರನ್ನು ಆಳುವ ಕಾನೂನುಗಳ ವ್ಯವಸ್ಥೆಯನ್ನು ಕರಿಯ ವಿದ್ಯಾರ್ಥಿಗಳಿಗೇ ಬೋಧಿಸುವುದು ಆ ಮೂರನೆಯ ವಿಷಯದ ಉದ್ದೇಶ. ಅದುವರೆಗೆ ಸಾಹಿತ್ಯವ್ಯಸನಿಯಾಗಿದ್ದ ಯುವಕನಿಗೆ ಆ ಪಾಠವೇ ರಾಜಕೀಯದ ದೀಕ್ಷೆಯಾಯಿತು. ತನ್ನ ಜನ ಎಷ್ಟು ಕಾನೂನುಗಳ ಬಲೆಯಲ್ಲಿ ಸಿಕ್ಕಿದ್ದಾರೆಂಬುದನ್ನು ಅವರು ಪರೀಕ್ಷೆಗಾಗಿ ಓದಿ ತಿಳಿದರು. ಪಠ್ಯಕ್ರಮ ರಚಿಸಿದವರು ಇದನ್ನು ನಿರೀಕ್ಷಿಸಿರಲಾರರು.

1948ರ ಮೇ ತಿಂಗಳಲ್ಲಿ ನ್ಯಾಶನಲ್ ಪಾರ್ಟಿ ಅಧಿಕಾರಕ್ಕೆ ಬಂದು ಅಪಾರ್ಥೈಡ್ ಎಂಬ ವರ್ಣಭೇದ ನೀತಿ ರಾಜ್ಯದ ಧರ್ಮವಾಯಿತು. ಅದೇ ವರ್ಷ ಸೊಬುಕ್ವೆ ಆಫ್ರಿಕನ್ ನ್ಯಾಶನಲ್ ಕಾಂಗ್ರೆಸ್ಸಿನ ಯುವಶಾಖೆಯನ್ನು ಸೇರಿದರು. 1949ರಲ್ಲಿ ವಿದ್ಯಾರ್ಥಿ ಪ್ರತಿನಿಧಿ ಮಂಡಳಿಯ ಅಧ್ಯಕ್ಷರಾಗಿ, ಓದು ಮುಗಿಸಿ ಹೊರಡುವವರ ಬೀಳ್ಕೊಡುಗೆಯಲ್ಲಿ ಅವರು ಮಾಡಿದ ಭಾಷಣ ಅಧ್ಯಾಪಕರನ್ನು ಬೆಚ್ಚಿಬೀಳಿಸಿತು. ವಿದ್ಯೆಯೆಂದರೆ ನೌಕರಿಯ ಏಣಿಯಲ್ಲ, ಅದು ಆಫ್ರಿಕಾಕ್ಕೆ ಸಲ್ಲಬೇಕಾದ ಸೇವೆ ಎಂಬುದು ಅದರ ಸಾರ. ಆ ದಿನಗಳಲ್ಲೇ ಸಮೀಪದ ಲವ್‌ಡೇಲ್ ಆಸ್ಪತ್ರೆಯಲ್ಲಿ ಕರಿಯ ದಾದಿಯರ ಮುಷ್ಕರ ನಡೆಯಿತು. ಮುಷ್ಕರದ ಮುಂಚೂಣಿಯಲ್ಲಿದ್ದ ಜೊಂಡೆನಿ ವೆರೋನಿಕಾ ಮಾಥೆ ಎಂಬ ತರಬೇತಿ ದಾದಿಯ ಪರಿಚಯ ಅಲ್ಲಿ ಆಯಿತು. 1954ರಲ್ಲಿ ಇಬ್ಬರೂ ಮದುವೆಯಾದರು.

ಪದವಿಯ ಬಳಿಕ ಟ್ರಾನ್ಸ್‌ವಾಲಿನ ಸ್ಟಾಂಡರ್ಟನ್ ಎಂಬ ಸಣ್ಣ ಊರಿನಲ್ಲಿ ಮಾಧ್ಯಮಿಕ ಶಾಲೆಯ ಶಿಕ್ಷಕವೃತ್ತಿ. 1952ರ ಅವಿಧೇಯತಾ ಚಳವಳಿಯ ಪರವಾಗಿ ಮಾತನಾಡಿದ ಕಾರಣ ಕೆಲಸಕ್ಕೆ ಸಂಚಕಾರ ಬಂದಿತು, ಆಮೇಲೆ ಮರಳಿ ತೆಗೆದುಕೊಂಡರು. ಹೆಚ್ಚು ಸದ್ದಿಲ್ಲದೆ ಕಳೆದ ವರ್ಷಗಳಿವು.

1954ರಲ್ಲಿ ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದಲ್ಲಿ ಜುಲು ಭಾಷೆ ಕಲಿಸುವ ಹುದ್ದೆ ದೊರೆಯಿತು. ಹುದ್ದೆಯ ಹೆಸರು ಭಾಷಾ ಸಹಾಯಕ. ತನ್ನ ನೆಲದ ಭಾಷೆಯನ್ನು ಬಿಳಿಯ ವಿದ್ಯಾರ್ಥಿಗಳಿಗೆ ಕಲಿಸುವ ಕರಿಯನಿಗೆ ಆ ವ್ಯವಸ್ಥೆ ಇಟ್ಟಿದ್ದ ಸ್ಥಾನವದು. ವಿದ್ಯಾರ್ಥಿಗಳೂ ಸ್ನೇಹಿತರೂ ಮಾತ್ರ ಅವರನ್ನು ಪ್ರೊಫೆಸರ್ ಎಂಬುದರ ಮೊಟಕು ರೂಪವಾದ ಪ್ರೊಫ್ ಎಂದೇ ಕರೆದರು, ಆ ಹೆಸರೇ ಶಾಶ್ವತವಾಯಿತು. ಹಗಲು ವಿಶ್ವವಿದ್ಯಾಲಯದ ಕೊಠಡಿ, ಸಂಜೆ ಕರಿಯರಿಗೆಂದು ನಗರದ ಹೊರಗೆ ಕಟ್ಟಿದ ಬಡಾವಣೆಗಳಲ್ಲಿ ಒಂದಾದ ಮೊಫೊಲೊದ ಪುಟ್ಟ ಮನೆ. ಇಲ್ಲಿದ್ದಾಗಲೇ ಅವರು ಆನರ್ಸ್ ಪದವಿಗಾಗಿ ಖೋಸಾ ಒಗಟುಗಳನ್ನು ಸಂಗ್ರಹಿಸಿ ಪ್ರಬಂಧ ಬರೆದರು. ಕನ್ನಡ ಜಾನಪದ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಉತ್ತರ ಕರ್ನಾಟಕದ ಒಡಪಿನಲ್ಲಿ, ಮರಾಠಿಯ ಉಖಾಣೆಯಲ್ಲಿ ಹೇಳಬಾರದ್ದನ್ನು ಹೇಳದೆಯೇ ಹೇಳುವ ಒಂದು ಜಾಣ್ಮೆಯಿದೆ. ಹೆಸರನ್ನು ಬಚ್ಚಿಟ್ಟು ವಸ್ತುವನ್ನು ಕಾಣಿಸುವ ಈ ವಿದ್ಯೆಯನ್ನು ಖೋಸಾ ಅಜ್ಜಿಯರೂ ಬಲ್ಲರು. ಅದನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ಮನುಷ್ಯನಿಗೆ ಮುಂದೆ ಬಾಯಿ ತೆರೆಯದೆ ಮಾತನಾಡಬೇಕಾದ ಕಾಲ ಬಂದಿತು.

ಆ ಕಾಲದಲ್ಲಿ ಭಾಷೆಯ ಪ್ರಶ್ನೆಯೇ ಅಲ್ಲಿ ತಿರುಚಿಕೊಂಡಿತ್ತು. 1953ರ ಬಾಂಟು ಶಿಕ್ಷಣ ಕಾಯ್ದೆ ಕರಿಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣವೆಂದು ಸಾರಿತು. ಕೇಳಲು ಹಿತವಾದ ಮಾತು. ಆದರೆ ಅದರ ಗುರಿ ಮಾತೃಭಾಷೆಯ ಏಳಿಗೆಯಲ್ಲ. ಬುಡಕಟ್ಟಿಗೊಂದು ಭಾಷೆಯ ಬೇಲಿ ಕಟ್ಟಿ, ಮಕ್ಕಳನ್ನು ಕೂಲಿಗೆ ಬೇಕಾದಷ್ಟೇ ಓದಿಸಿ ಅಲ್ಲೇ ನಿಲ್ಲಿಸುವುದು ಅದರ ಗುರಿ. ಖೋಸಾ, ಜುಲು ಭಾಷೆಗಳನ್ನು ಪ್ರೀತಿಸಿ ಓದಿದವರೇ ಆ ಮಾತೃಭಾಷಾ ನೀತಿಯನ್ನು ವಿರೋಧಿಸಬೇಕಾಗಿ ಬಂದದ್ದು ಹೀಗೆ.

1955ರ ಜೂನ್ ತಿಂಗಳಲ್ಲಿ ಕ್ಲಿಪ್‌ಟೌನಿನ ಬಯಲಿನಲ್ಲಿ ನಡೆದ ಜನಸಮಾವೇಶ ಸ್ವಾತಂತ್ರ್ಯದ ಸನ್ನದನ್ನು ಅಂಗೀಕರಿಸಿತು. ದೇಶವು ಅದರಲ್ಲಿ ವಾಸಿಸುವ ಕರಿಯರು, ಬಿಳಿಯರು ಎಲ್ಲರಿಗೂ ಸೇರಿದ್ದೆಂದು ಸನ್ನದು ಸಾರಿತು. ಆಫ್ರಿಕಾನಿಸ್ಟರೆಂದು ಕರೆಸಿಕೊಂಡ ಕಾಂಗ್ರೆಸ್ಸಿನ ಒಂದು ಬಣಕ್ಕೆ ಇದು ಒಪ್ಪಿಗೆಯಾಗಲಿಲ್ಲ. ನೆಲ ಕಿತ್ತುಕೊಂಡವನೂ ಕಳೆದುಕೊಂಡವನೂ ಸಮಾನ ಹಕ್ಕುದಾರರೆಂದು ಮೊದಲೇ ಬರೆದುಕೊಟ್ಟರೆ ನ್ಯಾಯವೆಲ್ಲಿ ಉಳಿಯಿತೆಂಬುದು ಅವರ ಪ್ರಶ್ನೆ. ಆ ಬಣದ ಪತ್ರಿಕೆ ದಿ ಆಫ್ರಿಕಾನಿಸ್ಟ್. ಸೊಬುಕ್ವೆ ಅದರ ಸಂಪಾದಕರಾದರು. 1958ರ ನವೆಂಬರಿನಲ್ಲಿ ಬಣ ಕಾಂಗ್ರೆಸ್ಸಿನಿಂದ ಹೊರನಡೆಯಿತು. 1959ರ ಏಪ್ರಿಲ್ 6ರಂದು ಒರ್ಲಾಂಡೊದ ಸಭಾಭವನದಲ್ಲಿ ಪ್ಯಾನ್ ಆಫ್ರಿಕಾನಿಸ್ಟ್ ಕಾಂಗ್ರೆಸ್ ಹುಟ್ಟಿತು. 1652ರಲ್ಲಿ ಡಚ್ಚರ ಯಾನ್ ವಾನ್ ರೀಬೆಕ್ ಕೇಪಿಗೆ ಬಂದಿಳಿದದ್ದು ಇದೇ ತಾರೀಖಿನಂದು. ದಿನವನ್ನು ಬೇಕೆಂದೇ ಆರಿಸಿದ್ದರು. ಸೊಬುಕ್ವೆ ಅವಿರೋಧವಾಗಿ ಅಧ್ಯಕ್ಷರಾದರು. ಆಗ ಅವರಿಗೆ 34 ವರ್ಷ.

ಅಧ್ಯಕ್ಷಪೀಠದಿಂದ ಅವರು ಮಂಡಿಸಿದ ವಿಚಾರವನ್ನು ಎದುರಾಳಿಗಳು ಮಾತ್ರವಲ್ಲ, ಹಿಂಬಾಲಕರಲ್ಲಿ ಅನೇಕರೂ ಸರಿಯಾಗಿ ತಿಳಿಯಲಿಲ್ಲ. ಮನುಷ್ಯರಲ್ಲಿ ಹಲವು ಜನಾಂಗಗಳಿಲ್ಲ, ಇರುವುದು ಮಾನವ ಜನಾಂಗ ಒಂದೇ ಎಂಬುದು ಅವರ ನಿಲುವು. ಆದಕಾರಣ ಹಲವು ಜನಾಂಗಗಳ ಸಹಬಾಳ್ವೆ ಎಂಬ ಪರಿಭಾಷೆಯೇ ಅವರಿಗೆ ದೋಷಯುಕ್ತವೆನಿಸಿತು. ಜನಾಂಗಗಳಿವೆಯೆಂದು ಒಪ್ಪಿದ ಮೇಲೆ ಅವುಗಳಿಗೆ ಬೇರೆ ಬೇರೆ ಪಾಲು ಕೊಡುವ ಮಾತು ಬಂದೇ ಬರುತ್ತದೆ. ಆಫ್ರಿಕನ್ ಯಾರು ಎಂಬುದಕ್ಕೆ ಅವರು ಕೊಟ್ಟ ಲಕ್ಷಣದಲ್ಲಿ ಬಣ್ಣದ ಪ್ರಸ್ತಾಪವಿಲ್ಲ. ಆಫ್ರಿಕಾವೊಂದಕ್ಕೇ ನಿಷ್ಠನಾಗಿ, ಆಫ್ರಿಕನ್ ಬಹುಸಂಖ್ಯಾತರ ಪ್ರಜಾಪ್ರಭುತ್ವವನ್ನು ಒಪ್ಪುವ ಯಾವನೂ ಆಫ್ರಿಕನ್ನನೇ. ಆದರೆ ಹೋರಾಟವನ್ನು ಸದ್ಯ ತುಳಿತಕ್ಕೊಳಗಾದವರೇ ತಮ್ಮ ನಾಯಕತ್ವದಲ್ಲಿ ನಡೆಸಬೇಕು ಎಂಬುದೂ ಅವರ ಹಟವಾಗಿತ್ತು. ಮೊದಲ ಮಾತಿನ ಔದಾರ್ಯ ಪುಸ್ತಕದಲ್ಲಿ ಉಳಿದು, ಎರಡನೆಯ ಮಾತಿನ ಕಾವು ಬೀದಿಗೆ ಬಂದಿತು. ವಿಚಾರವಂತ ನಾಯಕರಿಗೆ ಇದು ಹೊಸ ಕಷ್ಟವೇನಲ್ಲ.

ಹೊಸ ಪಕ್ಷ ಕೈಗೆತ್ತಿಕೊಳ್ಳಬೇಕೆಂದ ಮೊದಲ ಕಾರ್ಯಕ್ರಮ ಭಾಷೆಯದೇ. ಎಪ್ಪತ್ತರ ಮುದುಕನನ್ನೂ ಬಾಯ್ ಎಂದೂ, ಮೊಮ್ಮಕ್ಕಳನ್ನು ಕಂಡ ಹೆಂಗಸನ್ನು ಗರ್ಲ್ ಎಂದೂ ಕರೆಯುವುದು ಅಲ್ಲಿಯ ಬಿಳಿಯರ ರೂಢಿ. ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕರಿಯರನ್ನು ಮರ್ಯಾದೆಯಿಂದ ಸಂಬೋಧಿಸಬೇಕು, ಇಲ್ಲವಾದರೆ ಆ ಅಂಗಡಿಗಳನ್ನು ಬಹಿಷ್ಕರಿಸಬೇಕು ಎಂಬುದು 1959ರ ಆ ಯೋಜನೆ. ಹೊಟ್ಟೆಯ ಪ್ರಶ್ನೆ ಬಿಟ್ಟು ಸಂಬೋಧನೆಗೆ ಹೋರಾಡುವುದೇ ಎಂದು ನಕ್ಕವರಿದ್ದರು. ಬಹುವಚನ, ಏಕವಚನಗಳ ಅಂತರದಲ್ಲಿ ಎಷ್ಟು ಶತಮಾನಗಳ ಅವಮಾನ ಅಡಗಿರಬಲ್ಲುದೆಂದು ಕನ್ನಡ ಬಲ್ಲವರಿಗೆ ಗೊತ್ತು, ಅವರು ನಗಲಾರರು. ಯೋಜನೆ ಹೆಚ್ಚು ದೂರ ಸಾಗಲಿಲ್ಲ. ಅಷ್ಟರಲ್ಲಿ ಪಾಸಿನ ಪ್ರಶ್ನೆ ಎದ್ದಿತು.

ಪಾಸ್ ಎಂದರೆ ಹದಿನಾರು ದಾಟಿದ ಪ್ರತಿಯೊಬ್ಬ ಕರಿಯ ಮನುಷ್ಯ ಹಗಲಿರುಳು ಜೇಬಿನಲ್ಲಿ ಇಟ್ಟುಕೊಳ್ಳಬೇಕಾಗಿದ್ದ ಗುರುತಿನ ಪುಸ್ತಕ. ಎಲ್ಲಿ ವಾಸ, ಯಾರಲ್ಲಿ ದುಡಿತ, ಯಾವ ನಗರದಲ್ಲಿ ಇರಲು ಅಪ್ಪಣೆ ಎಂಬುದೆಲ್ಲ ಅದರಲ್ಲಿ ದಾಖಲು. ಕೇಳಿದಾಗ ತೋರಿಸದಿದ್ದರೆ ಅಲ್ಲೇ ದಸ್ತಗಿರಿ. ಹಳೆಯ ಚೀಟಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕೂಡಿಸಿದ 1952ರ ಕಾಯ್ದೆಯ ಹೆಸರಿನಲ್ಲಿ ಪಾಸುಗಳ ರದ್ದತಿ ಎಂಬ ಮಾತಿತ್ತು. ರದ್ದಾಗಬೇಕಾಗಿದ್ದ ವಸ್ತುವನ್ನು ಬಿಗಿಗೊಳಿಸಿ ಅದಕ್ಕೆ ರದ್ದತಿಯೆಂದು ಹೆಸರಿಡುವುದು ಆಡಳಿತ ಭಾಷೆಯ ಒಂದು ಮಾದರಿ. ಇದೇ ಜೊಹಾನ್ಸ್‌ಬರ್ಗಿನಲ್ಲಿ 1908ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟಿದ್ದರು.

ಆಫ್ರಿಕನ್ ನ್ಯಾಶನಲ್ ಕಾಂಗ್ರೆಸ್ ಪಾಸ್ ವಿರೋಧಿ ಚಳವಳಿಗೆ 1960ರ ಮಾರ್ಚ್ 31ನ್ನು ಗೊತ್ತುಮಾಡಿತ್ತು. ಸೊಬುಕ್ವೆ ಹತ್ತು ದಿನ ಮೊದಲೇ, ಮಾರ್ಚ್ 21ರ ಸೋಮವಾರವೇ ಆರಂಭಿಸುವುದಾಗಿ ಪ್ರಕಟಿಸಿದರು. ಯೋಜನೆ ಸರಳ. ಎಲ್ಲರೂ ಪಾಸನ್ನು ಮನೆಯಲ್ಲಿ ಬಿಟ್ಟು ಪೊಲೀಸ್ ಠಾಣೆಗೆ ಹೋಗಿ ಬಂಧಿಸಿರೆಂದು ಕೇಳುವುದು. ಜಾಮೀನು ಬೇಡ, ವಕೀಲರ ವಾದ ಬೇಡ, ದಂಡ ಕಟ್ಟುವುದೂ ಬೇಡ. ಸೆರೆಮನೆಗಳು ತುಂಬಿದರೆ ಗಣಿಗಳೂ ಕಾರಖಾನೆಗಳೂ ನಿಲ್ಲುತ್ತವೆ ಎಂಬ ಲೆಕ್ಕ. ಅವರು ಪೊಲೀಸ್ ಮುಖ್ಯಸ್ಥರಿಗೆ ಮುಂಗಡವಾಗಿ ಪತ್ರ ಬರೆದು, ಚಳವಳಿ ಅಹಿಂಸಾತ್ಮಕವಾಗಿರುತ್ತದೆ, ಜನರಿಗೆ ಚದುರಲು ಸಾಕಷ್ಟು ಸಮಯ ಕೊಡದೆ ಪೊಲೀಸರು ಆಜ್ಞೆ ಮಾಡಬಾರದು ಎಂದು ಕೋರಿದರು. ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಟ್ಟರು. ನಾಲ್ಕು ಮಕ್ಕಳ ಸಂಸಾರಕ್ಕೆ ಆ ಸಂಬಳವೇ ಆಧಾರವಾಗಿತ್ತು.

21ರ ಬೆಳಿಗ್ಗೆ ಮೊಫೊಲೊದ ಮನೆಯಿಂದ ಕೆಲವೇ ಸಂಗಾತಿಗಳೊಡನೆ ಒರ್ಲಾಂಡೊ ಠಾಣೆಯತ್ತ ನಡೆದುಹೊರಟರು. ದಾರಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂಡಿಕೊಂಡರು. ಸಾವಿರಾರು ಜನ ಬಂದಾರೆಂಬ ನಿರೀಕ್ಷೆ ಫಲಿಸಲಿಲ್ಲ. ಹೆಚ್ಚಿನವರು ಎಂದಿನಂತೆ ಕೆಲಸದ ರೈಲು ಹತ್ತಿದ್ದರು. ಠಾಣೆಯ ಅಧಿಕಾರಿ ಅವರನ್ನು ಕೂಡಲೇ ಬಂಧಿಸಲೂ ಇಲ್ಲ, ಹೊರಗೆ ಕಾಯಿಸಿದ. ಗಂಟೆಗಟ್ಟಲೆ ಕಾದ ಮೇಲೆ ಒಳಗೆ ಕರೆದರು.

ಅದೇ ಹೊತ್ತಿಗೆ ದಕ್ಷಿಣದಲ್ಲಿ, ವೆರೀನಿಗಿಂಗ್ ಸಮೀಪದ ಶಾರ್ಪ್‌ವಿಲ್ ಬಡಾವಣೆಯಲ್ಲಿ ಪಕ್ಷದ ಕರೆಗೆ ಜನ ಓಗೊಟ್ಟಿದ್ದರು. ಠಾಣೆಯ ಸುತ್ತ ಸಾವಿರಗಟ್ಟಲೆ ಮಂದಿ ಸೇರಿದ್ದರು, ಕೈಯಲ್ಲಿ ಆಯುಧವಿರಲಿಲ್ಲ. ಮಧ್ಯಾಹ್ನ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಂತೆ 69 ಜನ ಸತ್ತರು, ಸುಮಾರು 180 ಜನ ಗಾಯಗೊಂಡರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅನೇಕರ ಗಾಯ ಬೆನ್ನಿನಲ್ಲಿತ್ತು, ಅಂದರೆ ಅವರು ಓಡುತ್ತಿದ್ದರು. ಕೇಪ್‌ಟೌನ್ ಬಳಿಯ ಲಾಂಗಾದಲ್ಲೂ ಅದೇ ದಿನ ಗುಂಡು ಹಾರಿತು. ಮಾರ್ಚ್ 30ರಂದು ಕಾಲೇಜು ಬಿಟ್ಟುಬಂದ ಫಿಲಿಪ್ ಖೋಸಾನಾ ಎಂಬ ತರುಣ ಕೇಪ್‌ಟೌನಿನ ನಡುಮಧ್ಯಕ್ಕೆ ಸುಮಾರು 30,000 ಜನರ ಶಾಂತ ಮೆರವಣಿಗೆ ತಂದ. ಅದೇ ದಿನ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಏಪ್ರಿಲ್ 8ರಂದು ಎರಡೂ ಕಾಂಗ್ರೆಸ್ಸುಗಳು ನಿಷೇಧಕ್ಕೊಳಗಾದವು.

ಈ ರಕ್ತದ ಹೊಣೆಯಲ್ಲಿ ಸೊಬುಕ್ವೆ ಅವರಿಗೂ ಪಾಲಿದೆಯೇ? ಎದುರಾಳಿ ಪಕ್ಷಕ್ಕಿಂತ ಮುಂಚೆ ಹೊರಡುವ ಆತುರ, ಒಂದು ವರ್ಷವೂ ತುಂಬದ ಸಂಘಟನೆ, ನಾಯಕರೆಲ್ಲ ಮೊದಲ ದಿನವೇ ಸೆರೆಯಾಗುವ ಯೋಜನೆ ಇವೆಲ್ಲ ವಿಮರ್ಶೆಗೆ ಅರ್ಹವೇ. ಎರಡನೆಯ ದಿನ ಜನರನ್ನು ನಡೆಸುವವರಾರು ಎಂಬುದಕ್ಕೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ. ಆದರೆ ಗುಂಡು ಹಾರಿಸಿದವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ಹಾರಿಸಬೇಡಿರೆಂಬ ಅರ್ಥದ ಪತ್ರ ಅವರ ಮೇಜಿನ ಮೇಲಿತ್ತು ಎಂಬುದರಲ್ಲೂ ಇಲ್ಲ. ನಾಯಕರು ಜನರನ್ನು ಕಳಿಸಿ ಹಿಂದೆ ಉಳಿಯಲಿಲ್ಲ, ತಾವೇ ಮೊದಲು ನಡೆದರು ಎಂಬುದನ್ನೂ ಸೇರಿಸಬೇಕು.

ನ್ಯಾಯಾಲಯದಲ್ಲಿ ಸೊಬುಕ್ವೆ ತಪ್ಪೊಪ್ಪಿಕೊಳ್ಳಲೂ ಇಲ್ಲ, ನಿರಾಕರಿಸಲೂ ಇಲ್ಲ. ಬಿಳಿಯರು ಮಾತ್ರ ಸೇರಿ ಮಾಡಿದ ಕಾನೂನಿಗೆ ಕರಿಯರನ್ನು ವಿಚಾರಿಸುವ ಅಧಿಕಾರವಿಲ್ಲವೆಂದು ತಿಳಿಸಿ ಸುಮ್ಮನಾದರು. 1960ರ ಮೇ 4ರಂದು ಮೂರು ವರ್ಷಗಳ ಶಿಕ್ಷೆಯಾಯಿತು. ಮೇಲ್ಮನವಿ ಮಾಡಲಿಲ್ಲ. ಪ್ರಿಟೋರಿಯಾದ ಸೆರೆಮನೆಯಲ್ಲಿ ಒಂದಷ್ಟು ಕಾಲ ಅವರೂ ಮಂಡೇಲಾ ಅವರೂ ಜೊತೆಗೆ ಕುಳಿತು ಅಂಚೆಚೀಲಗಳನ್ನು ಹೊಲಿದರು. ಹೊರಗೆ ಅವರ ಪಕ್ಷಗಳು ಪರಸ್ಪರ ಹಳಿಯುತ್ತಿದ್ದವು.

1963ರ ಮೇ 3ಕ್ಕೆ ಅವಧಿ ಮುಗಿಯುವುದಿತ್ತು. ಹೊರಬಂದರೆ ಏನಾದೀತೆಂಬ ಭಯ ಸರಕಾರವನ್ನು ಹಿಡಿಯಿತು. ಅವರ ಪಕ್ಷದ ಸಶಸ್ತ್ರ ಶಾಖೆಯಾದ ಪೊಕೊ ಆ ವೇಳೆಗೆ ಹಿಂಸೆಯ ದಾರಿ ಹಿಡಿದಿತ್ತು. ನ್ಯಾಯಮಂತ್ರಿ ಬಿ. ಜೆ. ಫಾರ್ಸ್ಟರ್ ತರಾತುರಿಯಿಂದ ತಂದ ತಿದ್ದುಪಡಿ ಕಾಯ್ದೆಯಲ್ಲಿ ಒಂದು ಕಲಮಿತ್ತು. ಶಿಕ್ಷೆ ಮುಗಿಸಿದ ಕೈದಿಯನ್ನು ಮಂತ್ರಿ ಮತ್ತೆ ವಿಚಾರಣೆಯಿಲ್ಲದೆ ಸೆರೆಯಲ್ಲಿ ಇರಿಸಬಹುದು, ವರ್ಷವರ್ಷವೂ ಅದನ್ನು ನವೀಕರಿಸಬಹುದು. ಹೆಸರು ಬರೆಯದಿದ್ದರೂ ಅದು ಯಾರಿಗೆಂದು ಎಲ್ಲರಿಗೂ ತಿಳಿದಿತ್ತು, ಸೊಬುಕ್ವೆ ಕಲಮು ಎಂದೇ ಅದು ಪ್ರಸಿದ್ಧವಾಯಿತು. ಸಂಸತ್ತಿನಲ್ಲಿ ಕಾಯ್ದೆಗೆ ವಿರುದ್ಧವಾಗಿ ಮತ ಹಾಕಿದವರು ಪ್ರೋಗ್ರೆಸ್ಸಿವ್ ಪಕ್ಷದ ಒಬ್ಬರೇ ಸದಸ್ಯೆ, ಹೆಲೆನ್ ಸುಜ್ಮನ್.

ಬಿಡುಗಡೆಯಾಗಬೇಕಾದ ದಿನ ಅವರನ್ನು ರಾಬೆನ್ ದ್ವೀಪಕ್ಕೆ ಒಯ್ದರು. ಇತರ ಕೈದಿಗಳ ಕೊಠಡಿಗಳಿಂದ ದೂರ, ಮುಳ್ಳುತಂತಿಯ ನಡುವೆ ಒಂದು ಸಣ್ಣ ಮನೆ. ಕೈದಿಯ ಉಡುಪಿಲ್ಲ, ಕಲ್ಲು ಒಡೆಯುವ ದುಡಿತವಿಲ್ಲ, ಪುಸ್ತಕಗಳಿಗೆ ಅಪ್ಪಣೆ ಇತ್ತು. ಕಾನೂನಿನ ಪ್ರಕಾರ ಅವರು ಅಪರಾಧಿಯೇ ಅಲ್ಲವಲ್ಲ. ಇಲ್ಲದ್ದು ಒಂದೇ, ಮಾತು. ಬೇರೆ ಕೈದಿಗಳೊಡನೆ ಮಾತನಾಡುವಂತಿಲ್ಲ, ಕಾವಲುಗಾರರಿಗೂ ಅವರೊಡನೆ ಮಾತನಾಡುವ ಅಪ್ಪಣೆಯಿಲ್ಲ. ಹೊರಗೆ ಅವರ ಯಾವ ಮಾತನ್ನೂ ಅಚ್ಚುಮಾಡುವುದು ಅಪರಾಧ. ಹೀಗೆ ಆರು ವರ್ಷ ಕಳೆಯಿತು. ಪ್ರತಿವರ್ಷ ಅವಧಿ ಮುಗಿಯುವ ಹೊತ್ತಿಗೆ ಇನ್ನೊಂದು ವರ್ಷದ ಆಜ್ಞೆ ಬರುತ್ತಿತ್ತು. ಮೂರು ವರ್ಷದ ಶಿಕ್ಷೆಗೆ ಕೊನೆಯಿತ್ತು, ಇದಕ್ಕಿರಲಿಲ್ಲ.

ಕೈದಿಗಳ ಸಾಲು ಕೆಲಸಕ್ಕೆ ಹೋಗುವಾಗ ದೂರದಿಂದ ಆ ಮನೆಯನ್ನು ದಾಟುತ್ತಿತ್ತು. ಆಗ ಸೊಬುಕ್ವೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳುಗಳ ನಡುವಿನಿಂದ ಮೆಲ್ಲನೆ ಸೋರಗೊಡುತ್ತಿದ್ದರು. ನಾವು ಈ ಮಣ್ಣಿನ ಮಕ್ಕಳು ಎಂಬುದು ಅದರ ಅರ್ಥ, ಕಂಡವರಿಗೆ ಅದು ತಿಳಿಯುತ್ತಿತ್ತು. ಕಾವಲುಗಾರನಿಗೆ ಅದರಲ್ಲಿ ಯಾವ ಅಪರಾಧವೂ ಕಾಣುತ್ತಿರಲಿಲ್ಲ. ಒಗಟಿನ ವಿದ್ಯಾರ್ಥಿಯ ಅತ್ಯಂತ ಚಿಕ್ಕ ಒಗಟು ಅದು.

ಓದು ನಿಲ್ಲಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿಯನ್ನು ಅಂಚೆಯ ಮೂಲಕ ಅಭ್ಯಸಿಸಿ ಪಡೆದರು. ರಾಂಡ್ ಡೇಲಿ ಮೇಲ್ ಪತ್ರಿಕೆಯ ಬೆಂಜಮಿನ್ ಪೊಗ್ರಂಡ್ ಎಂಬ ಬಿಳಿಯ ಪತ್ರಕರ್ತ ಗೆಳೆಯರು ಪುಸ್ತಕಗಳನ್ನೂ ದಿನಬಳಕೆಯ ವಸ್ತುಗಳನ್ನೂ ಕಳಿಸುತ್ತಿದ್ದರು. ಶಾರ್ಪ್‌ವಿಲ್ಲಿನ ಗುಂಡಿನ ಮಳೆಯನ್ನು ಕಣ್ಣಾರೆ ಕಂಡವರಲ್ಲಿ ಇವರೂ ಒಬ್ಬರು. ಇಬ್ಬರ ನಡುವಿನ ಪತ್ರವ್ಯವಹಾರ ಸೆನ್ಸಾರಿನ ಕಣ್ಣಡಿಯಲ್ಲೇ ಬೆಳೆಯಿತು. ಪತ್ರಗಳಿಂದ ಮಾತಿನ ಹಸಿವು ಹಿಂಗುವುದಿಲ್ಲ. ದ್ವೀಪಕ್ಕೆ ಭೇಟಿಕೊಟ್ಟ ಹೆಲೆನ್ ಸುಜ್ಮನ್ ಅವರೆದುರು ಸೊಬುಕ್ವೆ ತಮಗೆ ಮಾತನಾಡುವುದೇ ಮರೆತುಹೋಗುತ್ತಿದೆಯೆಂದು ತೋಡಿಕೊಂಡರು. ಖೋಸಾ, ಜುಲು, ಸೊಥೊ, ಆಫ್ರಿಕಾನ್ಸ್, ಇಂಗ್ಲಿಷ್‌ಗಳ ನಡುವೆ ಬೆಳೆದು ಸಾವಿರಾರು ಜನರನ್ನು ಮಾತಿನಿಂದ ಕದಲಿಸಿದವರು ಅವರು.

1969ರಲ್ಲಿ ದ್ವೀಪದಿಂದ ಬಿಟ್ಟರೂ ಮನೆಗೆ ಬಿಡಲಿಲ್ಲ. ವಜ್ರದ ಗಣಿಗಳ ಊರಾದ ಕಿಂಬರ್ಲಿಯ ಗಲೆಶೆವೆ ಬಡಾವಣೆಗೆ ಗಡಿಪಾರು ಮಾಡಿದರು. ಆ ಊರಿನಲ್ಲಿ ಅವರು ಹಿಂದೆಂದೂ ವಾಸಿಸಿದ್ದಿಲ್ಲ. ಸಂಜೆಯಿಂದ ಬೆಳಗಿನವರೆಗೆ ಗೃಹಬಂಧನ, ಸಭೆಗಳಿಗೆ ಹೋಗುವಂತಿಲ್ಲ, ಬರೆದದ್ದು ಪ್ರಕಟವಾಗುವಂತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅಧ್ಯಾಪನಕ್ಕೆ ಕರೆಯಿತು. ಮರಳಿ ಬರುವುದಿಲ್ಲವೆಂಬ ಷರತ್ತಿನ ಮೇಲೆ ಒಂದು ಇಲಾಖೆ ದೇಶ ಬಿಡುವ ಪರವಾನಗಿ ಕೊಟ್ಟಿತು. ಕಿಂಬರ್ಲಿಯ ಮೇರೆ ದಾಟಲು ಇನ್ನೊಂದು ಇಲಾಖೆ ಅಪ್ಪಣೆ ಕೊಡಲಿಲ್ಲ. ದೇಶ ಬಿಡಬಹುದು, ಆದರೆ ವಿಮಾನ ನಿಲ್ದಾಣಕ್ಕೆ ಹೋಗುವಂತಿಲ್ಲ. ಮೇಲಿನ ನ್ಯಾಯಾಲಯದವರೆಗೆ ಹೋದರೂ ಪ್ರಯೋಜನವಾಗಲಿಲ್ಲ. ಇಬ್ಬರು ಮಕ್ಕಳು ಮಾತ್ರ ಅಮೆರಿಕಕ್ಕೆ ಹೋಗಿ, ಮಾರ್ಟಿನ್ ಲೂಥರ್ ಕಿಂಗರ ಸಹಚರರಾಗಿದ್ದ ಆಂಡ್ರೂ ಯಂಗ್ ಅವರ ಮನೆಯಲ್ಲಿದ್ದು ಓದಿದರು.

ಕಲಿಸುವ ವೃತ್ತಿ ಮುಚ್ಚಿದ ಮೇಲೆ ಸೊಬುಕ್ವೆ ಐವತ್ತರ ಸಮೀಪದಲ್ಲಿ ಕಾನೂನು ಕಲಿತರು. 1975ರಲ್ಲಿ ಕಿಂಬರ್ಲಿಯಲ್ಲಿ ವಕೀಲರಾಗಿ ಕಚೇರಿ ತೆರೆದರು. ನಿಷೇಧಿತ ವ್ಯಕ್ತಿಯಾದ ಕಾರಣ ನ್ಯಾಯಾಲಯದ ಹೊಸ್ತಿಲು ದಾಟಲೂ ವಿಶೇಷ ಅಪ್ಪಣೆ ಬೇಕಾಯಿತು. ಬಂದ ಕಕ್ಷಿದಾರರು ಹೆಚ್ಚಾಗಿ ಬಡವರು, ಶುಲ್ಕ ಕೊಡಲಾರದವರು. ಒಮ್ಮೆ ಕಟಕಟೆಯಲ್ಲಿ ನಿಂತು ಈ ಕಾನೂನಿಗೆ ತಮ್ಮ ಮೇಲೆ ಅಧಿಕಾರವಿಲ್ಲವೆಂದವರು ಈಗ ಅದೇ ಕಾನೂನಿನ ಒಳಗಿನಿಂದ ಒಬ್ಬೊಬ್ಬ ಬಡವನನ್ನು ಬಿಡಿಸಲು ನಿಂತರು. ಇದನ್ನು ಸೋಲೆಂದು ಎಣಿಸಿದವರಿದ್ದಾರೆ. ಕೈಗೆ ಉಳಿದ ಒಂದೇ ಉಪಕರಣವನ್ನು ಬಳಸಿದರೆನ್ನುವುದು ಹೆಚ್ಚು ನ್ಯಾಯವಾದ ಮಾತು.

1977ರಲ್ಲಿ ಕಾಯಿಲೆ ಬಿದ್ದರು. ಊರಿನಿಂದ ಹೊರಗೆ ತಜ್ಞರನ್ನು ಕಾಣಲು ಪ್ರತಿಸಲವೂ ಅಪ್ಪಣೆ ಬೇಕು, ಅದಕ್ಕೆ ವಿಳಂಬ. ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಪುಪ್ಪುಸದ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಕ್ರಿಯೆಯಾಯಿತು. 1978ರ ಫೆಬ್ರವರಿ 27ರಂದು ಕಿಂಬರ್ಲಿಯಲ್ಲಿ ನಿಧನರಾದರು. ಆಗ ಅವರಿಗೆ 53 ವರ್ಷ. ಮಾರ್ಚ್ 11ರಂದು ಗ್ರಾಫ್ ರೈನೆಟ್‌ನಲ್ಲಿ ನಡೆದ ಅಂತ್ಯಕ್ರಿಯೆ ಶಾಂತವಾಗಿ ನಡೆಯಲಿಲ್ಲ. ಸ್ಟೀವ್ ಬಿಕೊ ಪೊಲೀಸರ ವಶದಲ್ಲಿ ಸತ್ತು ಆರು ತಿಂಗಳಾಗಿತ್ತು, ಸೊವೆಟೊದ ತರುಣರು ಕುದಿಯುತ್ತಿದ್ದರು. ಪ್ರತ್ಯೇಕ ನಾಡುಗಳ ವ್ಯವಸ್ಥೆಯಲ್ಲಿ ಅಧಿಕಾರ ಹಿಡಿದಿದ್ದ ಬುತೆಲೆಜಿ ಅವರನ್ನು ಸಭೆಯಿಂದ ಹೊರಡಿಸಿದರು. ಪೊಗ್ರಂಡ್ ಅವರಿಗೂ ಮಾತನಾಡಲು ಬಿಡಲಿಲ್ಲ. ಗೆಳೆಯನ ಕುರಿತು ಅವರು ಹೇಳಬೇಕೆಂದಿದ್ದುದು ಪುಸ್ತಕವಾಗಿ ಬರಲು 1990ರವರೆಗೆ ಕಾಯಬೇಕಾಯಿತು.

ವಿಮೋಚನೆಯ ಕಥೆಯನ್ನು ಗೆದ್ದ ಪಕ್ಷ ಬರೆಯಿತು. ಸೊಬುಕ್ವೆ ಅವರ ಪಕ್ಷ ದೇಶಭ್ರಷ್ಟವಾಗಿ ಒಳಜಗಳಗಳಲ್ಲಿ ಸವೆದು, 1994ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಪಡೆದದ್ದು ಶೇಕಡಾ 1.25ರಷ್ಟು ಮತ. ಶಾರ್ಪ್‌ವಿಲ್ಲಿನ ಮಾರ್ಚ್ 21 ಇಂದು ಆ ದೇಶದ ಮಾನವ ಹಕ್ಕುಗಳ ದಿನ, ವಿಶ್ವಸಂಸ್ಥೆಯ ವರ್ಣಭೇದ ನಿರ್ಮೂಲನ ದಿನವೂ ಹೌದು. ಆ ದಿನಕ್ಕೆ ಕರೆಕೊಟ್ಟವರ ಹೆಸರು ಉತ್ಸವದ ಭಾಷಣಗಳಲ್ಲಿ ವಿರಳ. ಪಕ್ಷದ ಪಾಡು ಇದಕ್ಕೆ ಒಂದು ಕಾರಣವಾದರೆ, ನಿಷೇಧ ಇನ್ನೊಂದು. ಒಂದೂವರೆ ದಶಕ ಒಬ್ಬನ ಮಾತನ್ನು ಅಚ್ಚಿಸದಂತೆ ತಡೆದರೆ, ಅಷ್ಟರಲ್ಲಿ ಅದನ್ನು ಕೇಳದೆಯೇ ಒಂದು ತಲೆಮಾರು ಬೆಳೆದಿರುತ್ತದೆ.

ಜೊಂಡೆನಿ ವೆರೋನಿಕಾ 2018ರವರೆಗೆ ಬದುಕಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 2017ರಲ್ಲಿ, ಗಂಡನನ್ನು ಭಾಷಾ ಸಹಾಯಕನೆಂದು ನೇಮಿಸಿಕೊಂಡಿದ್ದ ವಿಶ್ವವಿದ್ಯಾಲಯ ತನ್ನ ನಡುಕಟ್ಟಡಕ್ಕೆ ರಾಬರ್ಟ್ ಸೊಬುಕ್ವೆ ಎಂದು ಹೆಸರಿಟ್ಟಿತು.